ನೆಲ ಹಾಳಾಗದಂತೆ ಒರೆಸುವುದು ಹೇಗೆ: ಗಾರೆ ನೆಲದಿಂದ ವಿಟ್ರಿಫೈಡ್ ಟೈಲ್ಸ್‌ವರೆಗೆ

ಮನೆಯ ನೆಲ ಕೊಳೆಯಿಂದ ಹಾಳಾಗುವುದು ಅಪರೂಪ. ಆ ಕೊಳೆ ತೆಗೆಯೋಕೆ ಅಂತ ಸುರಿಯುವ ಆಸಿಡ್, ಅಳತೆಯಿಲ್ಲದೆ ಹಾಕುವ ಫಿನಾಯಿಲ್, ಸರಿಯಾಗಿ ಗುಡಿಸದೆ ಎಳೆಯುವ ಒದ್ದೆ ಬಟ್ಟೆ, ಇವುಗಳಿಂದಲೇ ಹೆಚ್ಚಿನ ನೆಲಗಳು ಹೊಳಪು ಕಳೆದುಕೊಳ್ಳುತ್ತವೆ. ದಶಕಗಟ್ಟಲೆ ಬಾಳಬೇಕಾದ ಮಾರ್ಬಲ್ ಕೆಲವೇ ವರ್ಷಗಳಲ್ಲಿ ಮಂಕಾಗುತ್ತದೆ. ಆಮೇಲೆ ಪಾಲಿಶ್‌ನವರನ್ನು ಕರೆಸಿ ಚದರ ಅಡಿ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಅಷ್ಟಕ್ಕೂ ನೆಲ ಚೆನ್ನಾಗಿಡೋಕೆ ಬೇಕಾಗಿರುವುದು ಒಂದು ಒಳ್ಳೆ ಪೊರಕೆ, ಎರಡು ಬಕೆಟ್, ಎರಡು ಮೂರು ಬಟ್ಟೆ, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಇದರ ಜೊತೆಗೆ ಯಾವ ನೆಲಕ್ಕೆ ಏನು ಆಗಿಬರುವುದಿಲ್ಲ ಅಂತ ಗೊತ್ತಿರಬೇಕು. ಈ ಬರಹ ಮುಖ್ಯವಾಗಿ ಅದರ ಬಗ್ಗೆಯೇ.

ಮೊದಲು ನಿಮ್ಮ ನೆಲ ಯಾವುದು ಅಂತ ತಿಳಿದುಕೊಳ್ಳಿ

ಕರ್ನಾಟಕದ ಮನೆಗಳಲ್ಲಿ ಎಷ್ಟು ಬಗೆಯ ನೆಲ ಇದೆ ನೋಡಿ. ಹಳೇ ಮನೆಗಳಲ್ಲಿ ಕೆಂಪು ಗಾರೆ ನೆಲ, ಅಂದರೆ ರೆಡ್ ಆಕ್ಸೈಡ್. ಕಲಬುರಗಿ, ರಾಯಚೂರು ಕಡೆ ಶಹಾಬಾದ್ ಕಲ್ಲು. ಅಡುಗೆಮನೆಯಲ್ಲಿ, ಹಿತ್ತಲಲ್ಲಿ ಕಪ್ಪು ಕಡಪ ಕಲ್ಲು. ಕೆಲವು ದಶಕಗಳ ಹಿಂದೆ ಕಟ್ಟಿದ ಮನೆಗಳಲ್ಲಿ ಮೊಸಾಯಿಕ್. ಆಮೇಲೆ ಬಂದದ್ದು ಗ್ರಾನೈಟ್, ಮಾರ್ಬಲ್. ಈಗಿನ ಮನೆ, ಫ್ಲಾಟ್‌ಗಳಲ್ಲಿ ಎಲ್ಲಿ ನೋಡಿದರೂ ವಿಟ್ರಿಫೈಡ್ ಟೈಲ್ಸ್. ಎಷ್ಟೋ ಮನೆಗಳಲ್ಲಿ ಒಂದೇ ಸೂರಿನಡಿ ಮೂರು ಬಗೆಯ ನೆಲ ಇರುತ್ತದೆ. ಎಲ್ಲದಕ್ಕೂ ಒಂದೇ ಬಕೆಟ್ಟಿನ ನೀರು ಓಡಾಡುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ನಿಮಗೆ ಬೇಕಾದದ್ದು ಒಂದೇ ದೊಡ್ಡ ವಿಂಗಡಣೆ: ಹುಳಿಗೆ ಹೆದರುವ ನೆಲ, ಹುಳಿಗೆ ಅಷ್ಟಾಗಿ ಹೆದರದ ನೆಲ. ಮಾರ್ಬಲ್, ಶಹಾಬಾದ್, ಕಡಪ ಮೂರರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಜಾತಿ. ಮೊಸಾಯಿಕ್‌ನಲ್ಲಿ ಸಿಮೆಂಟಿನ ಒಳಗೆ ಮಾರ್ಬಲ್ ಚೂರುಗಳಿವೆ. ರೆಡ್ ಆಕ್ಸೈಡ್ ಅಂದರೆ ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ ತಿಕ್ಕಿ ತಿಕ್ಕಿ ನಯ ಮಾಡಿದ್ದು. ಇವೆಲ್ಲವನ್ನೂ ಹುಳಿ ತಿನ್ನುತ್ತದೆ. ನಿಂಬೆ, ವಿನೆಗರ್, ಹುಣಸೆ, ಮೊಸರು, ಟೊಮ್ಯಾಟೊ, ಟಾಯ್ಲೆಟ್ ಕ್ಲೀನರ್ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಗ್ರಾನೈಟ್ ಮತ್ತು ವಿಟ್ರಿಫೈಡ್ ಟೈಲ್ಸ್ ಇನ್ನೊಂದು ಗುಂಪು. ಇವು ಅಡುಗೆಮನೆಯ ಹುಳಿಯನ್ನು ತಡೆದುಕೊಳ್ಳುತ್ತವೆ. ಆದರೆ ಟೈಲ್ಸ್ ನಡುವಿನ ಸಂದು ಸಿಮೆಂಟಿನದ್ದು ಅನ್ನುವುದನ್ನು ಮರೆಯಬಾರದು.

ನೆಲ ಯಾವುದೆಂದು ಗೊತ್ತಾಗದಿದ್ದರೆ ಉಳಿದ ತುಂಡಿನ ಮೇಲೆ ಒಂದು ಹನಿ ನಿಂಬೆರಸ ಬಿಡಿ. ತುಂಡು ಇಲ್ಲದಿದ್ದರೆ ಬೀರುವಿನ ಅಡಿಯ ಮೂಲೆ ಸಾಕು. ಐದು ನಿಮಿಷ ಬಿಟ್ಟು ಒರೆಸಿ. ಹನಿ ಬಿದ್ದ ಜಾಗ ಮಂಕಾದರೆ ಅದು ಸುಣ್ಣದ ಜಾತಿಯ ನೆಲ. ಆ ಮನೆಯಲ್ಲಿ ನೆಲ ಒರೆಸುವ ಬಕೆಟ್ಟಿಗೆ ಹುಳಿ ಯಾವತ್ತೂ ಬೀಳಬಾರದು.

ಗುಡಿಸುವ ಕೆಲಸ ಅರ್ಧ ಮಾಡಬೇಡಿ

ನೆಲದ ನಿಜವಾದ ಶತ್ರು ಮರಳು. ಚಪ್ಪಲಿಯಲ್ಲಿ, ಕಿಟಕಿಯಲ್ಲಿ, ಗಾಡಿಯ ಚಕ್ರದಲ್ಲಿ ಒಳಗೆ ಬರುವ ಕಣಗಳಲ್ಲಿ ಬಹುಪಾಲು ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್‌ಗೆ 7, ಮಾರ್ಬಲ್‌ಗೆ ಸುಮಾರು 3. ಹಾಗಾಗಿ ಗುಡಿಸದೆ ಒದ್ದೆ ಬಟ್ಟೆ ಎಳೆದರೆ ಬಟ್ಟೆಯೇ ಉಜ್ಜುಕಾಗದ ಆಗುತ್ತದೆ. ಒಂದು ದಿನ ಏನೂ ಕಾಣುವುದಿಲ್ಲ. ವರ್ಷ ಕಳೆದ ಮೇಲೆ ಬಾಗಿಲ ಬಳಿ, ಸೋಫಾದಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಹೊಳಪು ಹೋಗಿರುತ್ತದೆ. ಮಂಚದ ಕೆಳಗೆ ಮಾತ್ರ ಹೊಸದರಂತೆ ಇರುತ್ತದೆ.

ಒಳಗೆ ಗುಡಿಸೋಕೆ ಮೆತ್ತನೆಯ ಹುಲ್ಲು ಪೊರಕೆ. ತೆಂಗಿನ ಕಡ್ಡಿ ಪೊರಕೆ ಅಂಗಳಕ್ಕೆ, ಬಾತ್‌ರೂಮಿಗೆ ಸರಿ, ಪಾಲಿಶ್ ಮಾಡಿದ ನೆಲಕ್ಕೆ ಬೇಡ. ಗುಡಿಸುವಾಗ ಫ್ಯಾನ್ ಆಫ್ ಮಾಡಿ. ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆಗೆ ತನ್ನಿ. ಸೋಫಾ, ಬೀರುಗಳ ಅಡಿಯನ್ನು ವಾರಕ್ಕೊಮ್ಮೆಯಾದರೂ ಬಿಡದೆ ಗುಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಒಳ್ಳೆಯದೇ, ಆದರೆ ಕಾರ್ಪೆಟ್‌ಗೆಂದು ಇರುವ ತಿರುಗುವ ಬ್ರಷ್ ತೆಗೆದು ಮೆತ್ತನೆ ಬ್ರಷ್ ಹಾಕಿ.

ಇದಕ್ಕಿಂತ ಸುಲಭದ ಉಪಾಯ ಎರಡು ಕಾಲೊರಸು. ಬಾಗಿಲ ಹೊರಗೆ ಒಂದು ಒರಟಾದ ತೆಂಗಿನ ನಾರಿನದ್ದು, ಒಳಗೆ ಒಂದು ಬಟ್ಟೆಯದ್ದು. ನಾವು ಹೇಗೂ ಚಪ್ಪಲಿ ಹೊರಗೇ ಬಿಡುತ್ತೇವೆ, ಅಲ್ವಾ? ಆದರೆ ಚಪ್ಪಲಿ ಸ್ಟ್ಯಾಂಡ್ ಇಡುವುದು ಬಾಗಿಲ ಒಳಗೆ. ಅದನ್ನು ಹೊರಗೆ ಇಟ್ಟು ನೋಡಿ, ಮೊರದಲ್ಲಿ ಬೀಳುವ ಮಣ್ಣು ಕಡಿಮೆಯಾಗುತ್ತದೆ. ಕಾಲೊರಸನ್ನು ವಾರಕ್ಕೊಮ್ಮೆ ಹೊರಗೆ ಕೊಡವಬೇಕು. ಕೊಡವದ ಕಾಲೊರಸು ಮರಳನ್ನು ಸಂಗ್ರಹಿಸಿಟ್ಟು ಎಲ್ಲರ ಕಾಲಿಗೂ ಹಂಚುತ್ತದೆ.

ಒರೆಸುವ ಕ್ರಮ

ದಿನಾ ಒರೆಸುವವರಿಗೂ ಈ ಕ್ರಮ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಎಡವುವುದು ಹೆಚ್ಚಾಗಿ ಸಣ್ಣ ಸಣ್ಣ ವಿಷಯಗಳಲ್ಲಿ.

1. ಎರಡು ಬಕೆಟ್ ತಗೊಳ್ಳಿ. ಒಂದರಲ್ಲಿ ಸುಮಾರು ಐದು ಲೀಟರ್ ಉಗುರು ಬೆಚ್ಚಗಿನ ನೀರು, ಅದಕ್ಕೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಅದಕ್ಕಿಂತ ಜಾಸ್ತಿ ಬೇಡ. ನೆಲ ಸುಣ್ಣದ ಜಾತಿಯದ್ದಾದರೆ ನಿಂಬೆಯ ಅಂಶ ಇಲ್ಲದ ಲಿಕ್ವಿಡ್ ನೋಡಿ ತಗೊಳ್ಳಿ, ಅಥವಾ ಕಲ್ಲಿಗೆಂದೇ ಸಿಗುವ, ಹುಳಿಯೂ ಕ್ಷಾರವೂ ಅಲ್ಲದ ನ್ಯೂಟ್ರಲ್ ಕ್ಲೀನರ್. ಇನ್ನೊಂದು ಬಕೆಟ್ಟಿನಲ್ಲಿ ಬರೀ ನೀರು.

2. ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ. ಒರೆಸಿದ ಜಾಗ ಫ್ಯಾನ್ ಗಾಳಿಯಲ್ಲಿ ಎರಡು ಮೂರು ನಿಮಿಷದಲ್ಲಿ ಒಣಗಬೇಕು. ಒಣಗದಿದ್ದರೆ ಬಟ್ಟೆಯಲ್ಲಿ ನೀರು ಹೆಚ್ಚಾಗಿದೆ ಅಂತ ಅರ್ಥ. ಕಲ್ಲಿನ ರಂಧ್ರಕ್ಕೆ, ಟೈಲ್ಸ್ ಸಂದಿಗೆ, ಬಾಗಿಲ ಚೌಕಟ್ಟಿನ ಬುಡಕ್ಕೆ ಇಳಿಯುವುದು ಈ ಹೆಚ್ಚಿನ ನೀರೇ.

3. ದೂರದ ಮೂಲೆಯಿಂದ ಶುರು ಮಾಡಿ, ಹಿಂದೆ ಹಿಂದೆ ಬರುತ್ತಾ ಬಾಗಿಲಿಗೆ ಬನ್ನಿ. ನಾಲ್ಕೈದು ಅಡಿ ಜಾಗ ಒರೆಸಿದ ಕೂಡಲೇ ಬಟ್ಟೆಯನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಾಡಿಸಿ, ಹಿಂಡಿ, ಆಮೇಲೆ ಸೋಪಿನ ನೀರಿಗೆ ಅದ್ದಿ. ಕೊಳೆ ಒಂದು ಬಕೆಟ್ಟಿನಲ್ಲೇ ಉಳಿಯುತ್ತದೆ, ಸೋಪಿನ ನೀರು ಬೇಗ ಕಪ್ಪಾಗುವುದಿಲ್ಲ.

4. ಜಾಲಾಡಿಸುವ ನೀರಿನಲ್ಲಿ ಬಕೆಟ್ಟಿನ ತಳ ಕಾಣದಿದ್ದರೆ ಚೆಲ್ಲಿ ಬೇರೆ ನೀರು ಹಿಡಿಯಿರಿ. ಇಡೀ ಮನೆಯನ್ನು ಒಂದೇ ನೀರಿನಲ್ಲಿ ಒರೆಸಿದರೆ ಹಾಲ್‌ನ ಮಣ್ಣನ್ನು ದೇವರಮನೆಗೆ ಬಳಿದ ಹಾಗೆ.

5. ಕೊನೆಗೆ ಬೇರೆ ಬಟ್ಟೆಯಲ್ಲಿ ಬರೀ ನೀರಿನ ಒಂದು ಸುತ್ತು. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಅದಾದ ಮೇಲೆ ಒಣಬಟ್ಟೆ ಆಡಿಸಲೇಬೇಕು. ಗಡಸು ನೀರು ನೆಲದ ಮೇಲೆ ತಾನೇ ಒಣಗಿದರೆ ಅದರಲ್ಲಿರುವ ಕ್ಯಾಲ್ಸಿಯಂ ಬಿಳಿ ಪೊರೆಯಾಗಿ ಕೂರುತ್ತದೆ. ಕಪ್ಪು ಗ್ರಾನೈಟ್ ಮೇಲೆ ಇದು ಎದ್ದು ಕಾಣುತ್ತದೆ.

ಬಟ್ಟೆ ಯಾವುದಾದರೂ ಆದೀತು, ಹಳೇ ಕಾಟನ್ ಪಂಚೆಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಗುಂಡಿ, ಜಿಪ್ ಇರುವ ಹಳೇ ಅಂಗಿ ಬೇಡ, ಗೀಚುತ್ತದೆ. ಮೈಕ್ರೋಫೈಬರ್ ಮಾಪ್ ಕೊಂಡರೆ ಅದನ್ನು ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕದೆ ಒಗೆಯಿರಿ. ಸಾಫ್ಟ್‌ನರ್ ಎಳೆಗಳಿಗೆ ಮೆತ್ತಿಕೊಂಡರೆ ಅದು ಧೂಳು ಹಿಡಿಯುವುದಿಲ್ಲ. ಯಾವ ಬಟ್ಟೆಯಾದರೂ ಬಿಸಿಲಲ್ಲಿ ಒಣಗಬೇಕು. ಬಕೆಟ್ಟಿನೊಳಗೆ ಮುದುಡಿ ಇಟ್ಟ ಒದ್ದೆ ಬಟ್ಟೆಯಿಂದ ಒರೆಸಿ, ನೆಲ ವಾಸನೆ ಬರುತ್ತದೆ ಅಂತ ಇನ್ನಷ್ಟು ಫಿನಾಯಿಲ್ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ವಾಸನೆ ನೆಲದ್ದಲ್ಲ, ಬಟ್ಟೆಯದ್ದು.

ಬಕೆಟ್ಟಿಗೆ ಏನು ಹಾಕಬಾರದು

ಫಿನಾಯಿಲ್ ದಿನಾ ಬೇಕಾಗಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಇದ್ದಾಗ, ಬಾತ್‌ರೂಮಿಗೆ, ಸಿಂಕ್‌ನ ಸುತ್ತ ಬಳಸಿ. ಆಗಲೂ ಬಾಟಲಿಯ ಮೇಲೆ ಹೇಳಿದ ಅಳತೆಯೇ. ಕೈಗೆ ಬಂದಷ್ಟು ಸುರಿದರೆ ನೆಲದ ಮೇಲೆ ಅಂಟಂಟಾದ ಪದರ ಕೂರುತ್ತದೆ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ, ಬರಿಗಾಲಿನ ಹೆಜ್ಜೆ ಗುರುತು ಉಳಿಯುತ್ತದೆ. "ಎಷ್ಟು ಒರೆಸಿದರೂ ನೆಲ ಕ್ಲೀನ್ ಆಗ್ತಿಲ್ಲ" ಅನ್ನುವ ಮನೆಗಳಲ್ಲಿ ಹೆಚ್ಚಾಗಿ ಇದೇ ಕತೆ. ಅನುಮಾನ ಇದ್ದರೆ ಒಂದು ಅಡಿ ಚೌಕದ ಜಾಗವನ್ನು ಬೆಚ್ಚಗಿನ ಬರೀ ನೀರಿನಲ್ಲಿ ಎರಡು ಮೂರು ಸಲ ಒರೆಸಿ, ಒಣಬಟ್ಟೆಯಲ್ಲಿ ಉಜ್ಜಿ. ಆ ಚೌಕ ಮಾತ್ರ ಬೇರೆಯಾಗಿ ಹೊಳೆದರೆ ಇಡೀ ನೆಲದ ಮೇಲೆ ಪದರ ಇದೆ. ಕೆಲವು ದಿನ ಬರೀ ಬೆಚ್ಚಗಿನ ನೀರಿನಲ್ಲಿ, ಮತ್ತೆ ಮತ್ತೆ ನೀರು ಬದಲಾಯಿಸುತ್ತಾ ಒರೆಸಿದರೆ ಹೋಗುತ್ತದೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇದು ಇನ್ನೂ ಮುಖ್ಯ. ಬೆಕ್ಕು ಸಾಕಿದ್ದರೆ ಫೀನಾಲ್ ಇರುವ ಕಪ್ಪು ಫಿನಾಯಿಲ್ ಬೇಡವೇ ಬೇಡ. ಬೆಕ್ಕು ಪಾದ ನೆಕ್ಕುತ್ತದೆ, ಫೀನಾಲ್ ಅದಕ್ಕೆ ವಿಷ.

ಬಟ್ಟೆ ಒಗೆಯುವ ಪುಡಿ ಬೇಡ. ಅದರಲ್ಲಿರುವ ಸೋಡಾ ಪೂರ್ತಿ ತೊಳೆದು ಹೋಗದೆ ಬಿಳಿ ಗೆರೆ ಬಿಡುತ್ತದೆ. ಕಲ್ಲುಪ್ಪು ಹಾಕಿ ಒರೆಸುವ ಪದ್ಧತಿ ತುಂಬಾ ಮನೆಗಳಲ್ಲಿದೆ, ದೃಷ್ಟಿಗೆ, ನೊಣಕ್ಕೆ ಅಂತ. ಆ ನಂಬಿಕೆ ನಿಮ್ಮದು, ಬಿಡಿ ಅನ್ನುವುದಿಲ್ಲ. ಆದರೆ ಉಪ್ಪುನೀರು ಕಲ್ಲಿನ, ಸಿಮೆಂಟಿನ ಸೂಕ್ಷ್ಮ ರಂಧ್ರಗಳಿಗೆ ಇಳಿದು ಒಣಗಿದಾಗ ಒಳಗೆ ಹರಳು ಕಟ್ಟುತ್ತದೆ. ಹಾಗೆ ಕಟ್ಟಿ ಕಟ್ಟಿ ಮೇಲ್ಪದರ ಸಡಿಲವಾಗುತ್ತದೆ. ಬೀರುವಿನ ಕಬ್ಬಿಣದ ಕಾಲು ಬೇಗ ತುಕ್ಕು ಹಿಡಿಯುತ್ತದೆ. ಮಾರ್ಬಲ್, ಮೊಸಾಯಿಕ್, ಗಾರೆ ನೆಲಕ್ಕೆ ಉಪ್ಪು ಹಾಕಬೇಡಿ. ವಿಟ್ರಿಫೈಡ್ ಮೇಲೆ ಹಾಕಲೇಬೇಕಾದರೆ ಚಿಟಿಕೆಯಷ್ಟು ಹಾಕಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ. ಸೀಮೆಎಣ್ಣೆಯಲ್ಲಿ ಒರೆಸಿ ಹೊಳಪು ತರುವುದು ಬೆಂಕಿಯ ಜೊತೆ ಸರಸ. ದೇವರಮನೆಯಲ್ಲಿ ದೀಪ, ಅಡುಗೆಮನೆಯಲ್ಲಿ ಒಲೆ ಇರುವ ಮನೆಗೆ ಅದು ಬೇಡ.

ಇನ್ನು ಆಸಿಡ್. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಬಾತ್‌ರೂಮ್ ಆಸಿಡ್, ಹೆಚ್ಚಿನ ಟಾಯ್ಲೆಟ್ ಕ್ಲೀನರ್ ಎರಡರಲ್ಲೂ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಕಮೋಡ್‌ಗೆ ಸರಿ, ನೆಲಕ್ಕಲ್ಲ. ಮಾರ್ಬಲ್ ಮೇಲೆ ಬಿದ್ದರೆ ಬುರುಗು ಎದ್ದು ಅಲ್ಲೇ ಸವೆದು ಹೋಗುತ್ತದೆ. ಟೈಲ್ಸ್ ಮೇಲೆ ಹಾಕಿದಾಗ ಫಳಫಳ ಅನ್ನುತ್ತದೆ ನಿಜ, ಆದರೆ ಸಂದಿನ ಸಿಮೆಂಟು ಕರಗಿ, ನೀರು ಕೆಳಗಿಳಿದು, ಕೆಳಗಿನ ಮನೆಯ ಸೀಲಿಂಗ್ ಮೇಲೆ ಒದ್ದೆ ಕಲೆ ಮೂಡುವ ತನಕ ಹೋಗಬಹುದು.

ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ಜೊತೆ ಆಸಿಡ್, ಟಾಯ್ಲೆಟ್ ಕ್ಲೀನರ್, ವಿನೆಗರ್ ಯಾವತ್ತೂ ಬೆರೆಸಬಾರದು. ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಹಾಕಿದ ಸಣ್ಣ ಬಾತ್‌ರೂಮಿನಲ್ಲಿ ಅದು ಉಸಿರಿಗೇ ಅಪಾಯ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಜೊತೆಗೂ ಬ್ಲೀಚ್ ಬೆರೆಸಬೇಡಿ. ಮನೆಕೆಲಸಕ್ಕೆ ಬರುವವರು "ಅಕ್ಕ, ಆಸಿಡ್ ಇದ್ರೆ ಕೊಡಿ, ಬೇಗ ಆಗುತ್ತೆ" ಅಂತ ಕೇಳುವುದುಂಟು. ಅವರಿಗೆ ಇನ್ನೂ ನಾಲ್ಕು ಮನೆ ಇರುತ್ತದೆ, ಅವಸರ ಸಹಜ. ನೆಲದ ವಿಷಯ ಬಿಡಿ, ಅವರ ಕೈ, ಅವರ ಶ್ವಾಸಕೋಶ ನಮ್ಮ ನೆಲಕ್ಕಿಂತ ದೊಡ್ಡದು. ಆಸಿಡ್ ಬಾಟಲಿ ಮನೆಯಲ್ಲೇ ಇಡಬೇಡಿ. ಒಂದು ಜೊತೆ ರಬ್ಬರ್ ಗ್ಲೌಸ್ ತಂದುಕೊಡಿ. ಕೂತು ಒರೆಸುವ ಬದಲು ಉದ್ದ ಹಿಡಿಯ ಮಾಪ್ ಬೇಕಾ ಅಂತ ಕೇಳಿ.

ಗಾರೆ ನೆಲ

ಈ ನೆಲದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅದನ್ನು ಒಡೆಸಿ ಟೈಲ್ಸ್ ಹಾಕಿಸುವವರು ದಿನೇ ದಿನೇ ಹೆಚ್ಚುತ್ತಿದ್ದಾರೆ. ಹಾಗೆ ಒಡೆದದ್ದರಲ್ಲಿ ಎಷ್ಟೋ ನೆಲಗಳು ಸರಿಪಡಿಸಬಹುದಾದವು. ಹಾಕುವವರ ಕೈಚಳಕದ ಮೇಲೆ ನಿಂತಿರುವ ಕೆಲಸ ಇದು. ಈಗ ಅಂಥ ಗಾರೆಯವರು ಸಿಗುವುದೇ ಕಷ್ಟ.

ಒಳ್ಳೆಯ ಗಾರೆ ನೆಲ ವರ್ಷ ಕಳೆದಷ್ಟೂ ನಯವಾಗುತ್ತದೆ. ಅದಕ್ಕೆ ಬೇಕಾದದ್ದು ಬರೀ ನೀರು, ಬರಿಗಾಲಿನ ಓಡಾಟ, ಆಗಾಗ ಒಂಚೂರು ಎಣ್ಣೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ನೆಲ ಒರೆಸಿ, ಪೂರ್ತಿ ಒಣಗಲು ಬಿಡಿ. ಮೆತ್ತನೆ ಬಟ್ಟೆಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಹಾಕಿ, ಬಟ್ಟೆಯನ್ನು ಎರಡೂ ಕೈಯಲ್ಲಿ ಉಜ್ಜಿ ಎಣ್ಣೆ ಹರಡಿಕೊಳ್ಳುವಂತೆ ಮಾಡಿ. ನೆಲದ ಮೇಲೆ ನೇರವಾಗಿ ಸುರಿಯಬೇಡಿ. ಎರಡು ಮೂರು ಅಡಿ ಜಾಗ ತಗೊಂಡು ವೃತ್ತಾಕಾರವಾಗಿ ಒತ್ತಿ ಉಜ್ಜಿ, ಮುಂದಿನ ಜಾಗಕ್ಕೆ ಹೋಗಿ. ಅರ್ಧ ಗಂಟೆ ಬಿಟ್ಟು, ಒಣಬಟ್ಟೆಯಲ್ಲಿ ಮತ್ತೆ ಉಜ್ಜಿ. ಅಂಗೈ ಇಟ್ಟು ನೋಡಿ: ನಯ ಅನ್ನಿಸಬೇಕು, ಆದರೆ ಕೈಗೆ ಎಣ್ಣೆ ಹತ್ತಬಾರದು. ಹತ್ತಿದರೆ ಇನ್ನೊಂದು ಸುತ್ತು ಒಣಬಟ್ಟೆ ಆಡಿಸಿ. ಎಣ್ಣೆ ಉಳಿದರೆ ವಯಸ್ಸಾದವರು ಜಾರುತ್ತಾರೆ, ಧೂಳು ಕೂತು ನೆಲ ಕರ್ರಗಾಗುತ್ತದೆ. ಎಣ್ಣೆ ಬೇಡ ಅನ್ನುವವರು ಕೆಂಪು ಬಣ್ಣದ ಮೇಣದ ಪಾಲಿಶ್ ಬಳಸಬಹುದು. ಅದೂ ಇದೇ ರೀತಿ, ತೆಳ್ಳಗೆ. ಒಂದರ ಮೇಲೊಂದು ಪದರ ಏರಿಸುತ್ತಾ ಹೋಗಬೇಡಿ.

ಬಿಳಿ ಬಿಳಿ ಮಚ್ಚೆ ಎದ್ದರೆ ಅದು ಕೊಳೆಯಲ್ಲ. ನೆಲದ ಅಡಿಯ ತೇವ ಮೇಲೆ ಬರುವಾಗ ಜೊತೆಗೆ ಉಪ್ಪನ್ನೂ ತರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಒಣ ಬ್ರಷ್ಷಿನಲ್ಲಿ ತಿಕ್ಕಿ ಪುಡಿಯನ್ನು ಗುಡಿಸಿ ತೆಗೆಯಿರಿ, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆ. ಇದರ ಮೇಲೆ ಎಣ್ಣೆ ಬಳಿದು ಮುಚ್ಚಿದರೆ ಸ್ವಲ್ಪ ದಿನ ಕಾಣುವುದಿಲ್ಲ, ಅಷ್ಟೇ. ತೇವ ಎಲ್ಲಿಂದ ಬರುತ್ತಿದೆ ನೋಡಬೇಕು. ಒಡೆದ ಪೈಪು, ಗೋಡೆಗೆ ಒತ್ತಿಕೊಂಡಿರುವ ತೋಟದ ಮಣ್ಣು, ಇಳಿಜಾರಿಲ್ಲದ ಅಂಗಳ, ಇವು ಸಾಮಾನ್ಯ ಕಾರಣಗಳು.

ಕೂದಲೆಳೆಯಂಥ ಬಿರುಕುಗಳಿಗೆ ಹೆದರಬೇಕಿಲ್ಲ, ಹಳೇ ಗಾರೆ ನೆಲದಲ್ಲಿ ಅವು ಇದ್ದೇ ಇರುತ್ತವೆ. ಅಗಲವಾದ ಬಿರುಕಿಗೆ ಸಿಮೆಂಟು, ಆಕ್ಸೈಡ್ ಕಲಸಿ ತುಂಬಿಸಬಹುದು. ಆದರೆ ಬಣ್ಣ ಪೂರ್ತಿ ಹೊಂದಿಕೊಳ್ಳುತ್ತದೆ ಅಂತ ನಿರೀಕ್ಷಿಸಬೇಡಿ. ಮೊದಲು ಕಾಣದ ಮೂಲೆಯಲ್ಲಿ ಸ್ವಲ್ಪ ಮಾಡಿಸಿ, ಒಣಗಿದ ಮೇಲೆ ಬಣ್ಣ ನೋಡಿ.

ಮಾರ್ಬಲ್, ಕಡಪ, ಶಹಾಬಾದ್, ಮೊಸಾಯಿಕ್

ಈ ನೆಲಗಳಲ್ಲಿ ಕಲೆ ಬೇರೆ, ಸವೆತ ಬೇರೆ. ಇದು ತಿಳಿಯದೆ ಎಷ್ಟೋ ಜನ ಉಜ್ಜಿ ಉಜ್ಜಿ ಸೋಲುತ್ತಾರೆ. ಟೀ ಚೆಲ್ಲಿ ಕಂದು ಬಣ್ಣ ಬಂದರೆ ಅದು ಕಲೆ, ಹೊರಗಿನದ್ದು ಒಳಗೆ ಇಳಿದಿದೆ, ತೆಗೆಯಬಹುದು. ಸಾರು ಚೆಲ್ಲಿದ ಜಾಗದಲ್ಲಿ ಮಂಕಾದ ಬಿಳಿ ಗುರುತು ಉಳಿದರೆ ಅಲ್ಲಿ ಕಲ್ಲಿನ ಮೇಲ್ಮೈಯೇ ಕರಗಿದೆ. ಸೋಪಿನಿಂದ ಅದು ಹೋಗುವುದಿಲ್ಲ. ಪತ್ತೆ ಹಚ್ಚಲು ನೆಲದ ಮಟ್ಟಕ್ಕೆ ಬಗ್ಗಿ, ಕಿಟಕಿಯ ಬೆಳಕಿಗೆ ಎದುರಾಗಿ ಓರೆಯಾಗಿ ನೋಡಿ. ಬೆಳಕು ಆ ಜಾಗದಲ್ಲಿ ಮಾತ್ರ ಪ್ರತಿಫಲಿಸದಿದ್ದರೆ ಸವೆತ. ಅದಕ್ಕೆ ಮತ್ತೆ ಪಾಲಿಶ್ ಮಾಡಿಸುವುದೊಂದೇ ದಾರಿ. ಕಡಪ ಕಲ್ಲಿನ ಮೇಲೆ ಲೋಟ ಇಟ್ಟ ಆಕಾರದಲ್ಲಿ ಕಾಣುವ ಬಿಳಿ ಉಂಗುರಗಳು ಹೆಚ್ಚಾಗಿ ಇಂಥವೇ. ಎಣ್ಣೆ ಸವರಿದರೆ ಸ್ವಲ್ಪ ದಿನ ಮರೆಯಾಗುತ್ತವೆ.

ಮಾರ್ಬಲ್‌ಗೆ ಸೀಲರ್, ಅಂದರೆ ಕಲ್ಲಿನ ರಂಧ್ರ ಮುಚ್ಚುವ ದ್ರವ, ಹಾಕಿಸಿದರೆ ಕಲೆ ಒಳಗಿಳಿಯುವುದು ನಿಧಾನವಾಗುತ್ತದೆ. ಹುಳಿಯ ಸವೆತವನ್ನು ಅದು ತಡೆಯುವುದಿಲ್ಲ, ಮಾರುವವರು ಏನೇ ಹೇಳಲಿ. ಸೀಲರ್ ಬೇಕಾ ಅಂತ ನೋಡಲು ನೆಲದ ಮೇಲೆ ಸ್ವಲ್ಪ ನೀರು ಹಾಕಿ ಹತ್ತು ನಿಮಿಷ ಬಿಡಿ. ಒರೆಸಿದಾಗ ಆ ಜಾಗ ಗಾಢವಾಗಿ ಕಂಡರೆ ಕಲ್ಲು ನೀರು ಕುಡಿಯುತ್ತಿದೆ, ಸೀಲರ್ ಹಾಕಿಸುವ ಹೊತ್ತು.

ಶಹಾಬಾದ್ ಕಲ್ಲು ಪಾಲಿಶ್ ಇಲ್ಲದೆ ಒರಟಾಗಿದ್ದರೆ ಬಟ್ಟೆಗಿಂತ ನೈಲಾನ್ ಬ್ರಷ್ ಮೇಲು. ಒರಟಿನ ಒಳಗೆ ಕೂತ ಮಣ್ಣು ಬಟ್ಟೆಗೆ ಸಿಗುವುದಿಲ್ಲ. ಸೋಪಿನ ನೀರು ಹಾಕಿ ತಿಕ್ಕಿ, ಬೇಕಾದಷ್ಟು ನೀರಿನಲ್ಲಿ ತೊಳೆದು, ನೀರು ನಿಲ್ಲದಂತೆ ನೂಕಿ ಒಣಗಿಸಿ. ತಂತಿ ಬ್ರಷ್, ಸ್ಟೀಲ್ ನಾರು ಬೇಡ. ಅದರ ಚೂರು ಕಲ್ಲಿನಲ್ಲಿ ಸಿಕ್ಕಿಕೊಂಡು ತುಕ್ಕು ಬಿಡುತ್ತದೆ.

ಮೊಸಾಯಿಕ್ ಇರುವವರು ಅದೃಷ್ಟವಂತರು. ಮಂಕಾಯಿತು ಅಂತ ಕಿತ್ತು ಹಾಕಬೇಡಿ. ಮಾರ್ಬಲ್ ಚೂರುಗಳಿರುವ ಮೇಲ್ಪದರ ದಪ್ಪವಾಗಿಯೇ ಇರುತ್ತದೆ. ಯಂತ್ರದಲ್ಲಿ ಮತ್ತೆ ಉಜ್ಜಿಸಿದರೆ ಹೊಸ ಮುಖ ಹೊರಗೆ ಬರುತ್ತದೆ. ಪಾಲಿಶ್‌ನವರು ಕೊನೆಯ ಸುತ್ತಿಗೆ ಆಕ್ಸಾಲಿಕ್ ಆಸಿಡ್ ಪುಡಿ ಬಳಸುತ್ತಾರೆ. ಅದು ಅಳತೆ ಗೊತ್ತಿದ್ದವರು ತಿಕ್ಕಿ ತೊಳೆದು ಮುಗಿಸುವ ಕೆಲಸ, ಮನೆಯಲ್ಲಿ ಒರೆಸೋಕೆ ಅಲ್ಲ. ಉಜ್ಜಿಸುವ ದಿನ ಗೋಡೆಯ ಬುಡಕ್ಕೆ ಎರಡು ಅಡಿ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಇಲ್ಲದಿದ್ದರೆ ಕೆಸರು ಸಿಡಿದು ಪೇಂಟ್ ಹಾಳು. ಆ ಕೆಸರನ್ನು ಚರಂಡಿಗೆ, ಬಾತ್‌ರೂಮ್ ಪೈಪಿಗೆ ಬಿಡಲು ಒಪ್ಪಬೇಡಿ, ಪೈಪಿನಲ್ಲಿ ಕೂತು ಗಟ್ಟಿಯಾಗುತ್ತದೆ.

ಗ್ರಾನೈಟ್, ವಿಟ್ರಿಫೈಡ್, ಲ್ಯಾಮಿನೇಟ್

ಇಳಕಲ್‌ನ ಕೆಂಪಾಗಲಿ, ಚಾಮರಾಜನಗರದ ಕಪ್ಪಾಗಲಿ, ಗ್ರಾನೈಟ್ ಗಟ್ಟಿಮುಟ್ಟು. ಮೇಲೆ ಹೇಳಿದ ಒರೆಸುವ ಕ್ರಮ ಸಾಕು. ಆಸಿಡ್ ಮಾತ್ರ ಇಲ್ಲೂ ಬೇಡ. ಕೆಲವು ಗ್ರಾನೈಟ್‌ಗಳಲ್ಲಿರುವ ಕಬ್ಬಿಣದ ಅಂಶ ಆಸಿಡ್ ಬಿದ್ದರೆ ತುಕ್ಕಿನ ಬಣ್ಣವಾಗಿ ಹೊರಗೆ ಬರುತ್ತದೆ.

ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ. ಹಾಗಾಗಿ ಟೈಲ್ಸ್ ಬಗ್ಗೆ ಚಿಂತೆ ಕಡಿಮೆ, ಚಿಂತೆ ಎಲ್ಲ ಸಂದಿನದ್ದು. ಕಪ್ಪಾದ ಸಂದಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಹಳೇ ಟೂತ್ ಬ್ರಷ್‌ನಿಂದ ಸಂದಿನ ಉದ್ದಕ್ಕೂ ತಿಕ್ಕಿ, ಬರೀ ನೀರಿನಲ್ಲಿ ಒರೆಸಿ. ಒಂದೇ ದಿನ ಇಡೀ ಮನೆ ಮಾಡೋಕೆ ಹೋಗಬೇಡಿ, ಸೊಂಟ ಬೀಳುತ್ತದೆ. ದಿನಕ್ಕೆ ನಾಲ್ಕು ಸಾಲು ಸಾಕು. ಸಂದು ಎದ್ದುಹೋಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹಳೇ ಗ್ರೌಟ್, ಅಂದರೆ ಸಂದಿನಲ್ಲಿ ತುಂಬಿದ ಸಿಮೆಂಟು, ಕೆರೆದು ಹೊಸದು ತುಂಬಿಸಬೇಕು. ಬಾತ್‌ರೂಮಿಗೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿದರೆ ಖರ್ಚು ಜಾಸ್ತಿ, ಆದರೆ ನೀರೂ ಕೊಳೆಯೂ ಒಳಗೆ ಹೋಗುವುದಿಲ್ಲ. ಹೊಸದಾಗಿ ಟೈಲ್ಸ್ ಹಾಕಿಸುತ್ತಿದ್ದರೆ ಮೇಸ್ತ್ರಿಗೆ ಮೊದಲೇ ಹೇಳಿ: ಗ್ರೌಟ್ ಒಣಗುವ ಮುಂಚೆಯೇ ಒದ್ದೆ ಸ್ಪಂಜಿನಲ್ಲಿ ಒರೆಸಬೇಕು, ಕೊನೆಗೆ ಆಸಿಡ್ ಹಾಕಿ ತೊಳೆಯಬಾರದು.

ಲ್ಯಾಮಿನೇಟ್ ಮರದ ನೆಲದ ಬಗ್ಗೆ ಹೇಳುವುದು ಇಷ್ಟೇ: ನೀರು ನಿಲ್ಲಬಾರದು. ಒಳಗಿರುವುದು ಒತ್ತಿ ಮಾಡಿದ ಮರದ ಹೊಟ್ಟು. ಸಂದಿಯಲ್ಲಿ ನೀರು ಇಳಿದರೆ ಅಂಚು ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಒಣ ಮಾಪ್, ಅಪರೂಪಕ್ಕೆ ಬರೀ ತೇವದ ಬಟ್ಟೆ. ಸ್ಟೀಮ್ ಮಾಪ್ ಬೇಡ.

ಕಲೆಗಳು: ಯಾವುದಕ್ಕೆ ಏನು

ಎಣ್ಣೆ ಚೆಲ್ಲಿದರೆ ಉಜ್ಜಬೇಡಿ, ಹರಡುತ್ತದೆ. ಪೇಪರ್ ಒತ್ತಿ ಹೀರಿಸಿ, ಮೇಲೆ ಮೈದಾ ಅಥವಾ ಟಾಲ್ಕಂ ಪೌಡರ್ ಉದುರಿಸಿ ಅರ್ಧ ಗಂಟೆ ಬಿಟ್ಟು ಗುಡಿಸಿ, ಆಮೇಲೆ ಸೋಪಿನ ನೀರು. ಕಲ್ಲಿನೊಳಗೆ ಇಳಿದ ಹಳೇ ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. 24 ಗಂಟೆ ಬಿಟ್ಟು ಹಾಳೆ ತೆಗೆದು, ಪೂರ್ತಿ ಒಣಗಲು ಬಿಟ್ಟು, ಮರದ ಚಮಚದಲ್ಲಿ ಮೆಲ್ಲಗೆ ಎಬ್ಬಿಸಿ. ಒಣಗುವಾಗ ಎಣ್ಣೆ ಮೇಲೆದ್ದು ಬರುತ್ತದೆ. ಎರಡು ಮೂರು ಸಲ ಮಾಡಬೇಕಾಗಬಹುದು.

ಅರಿಸಿನ ಬಿಸಿಲಿಗೆ ಮಂಕಾಗುತ್ತದೆ. ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ಸೋಪಿನ ನೀರಿನಲ್ಲಿ ಒರೆಸಿ ಕೆಲವು ದಿನ ಕಾಯಿರಿ. ಬಿಳಿ ಮಾರ್ಬಲ್ ಮೇಲೆ ಹಟ ಹಿಡಿದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ, ಟಿಶ್ಯೂ ಅದ್ದಿ ಕಲೆಯ ಮೇಲೆ ಹತ್ತು ನಿಮಿಷ ಇಟ್ಟು ತೊಳೆಯಿರಿ. ಕಪ್ಪು, ಕೆಂಪು ಕಲ್ಲಿಗೆ ಇದು ಬೇಡ, ಬಣ್ಣ ತಿಳಿಯಾಗಬಹುದು.

ಅಡುಗೆಮನೆಯ ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿ ನೋಡಿ. ಹೆಚ್ಚಿನ ಮನೆಗಳಲ್ಲಿ ಅಲ್ಲೊಂದು ತುಕ್ಕಿನ ಉಂಗುರ ಇರುತ್ತದೆ. ಮಾರ್ಬಲ್ ಮೇಲೆ ಅದನ್ನು ಮನೆಯಲ್ಲಿ ತೆಗೆಯೋದು ಕಷ್ಟ. ತುಕ್ಕು ತೆಗೆಯುವ ಔಷಧಿಗಳಲ್ಲಿ ಹೆಚ್ಚಿನವು ಆಸಿಡ್, ಕಲ್ಲನ್ನೂ ತಿನ್ನುತ್ತವೆ. ಚಕ್ರವಿರುವ ಸಿಲಿಂಡರ್ ಟ್ರಾಲಿ ತಂದುಬಿಡಿ, ದೊಡ್ಡ ಖರ್ಚೇನಲ್ಲ. ಕಬ್ಬಿಣದ ಬೀರುವಿನ ಕಾಲಿಗೆ ಪ್ಲಾಸ್ಟಿಕ್ ಬುಷ್, ಕುರ್ಚಿ ಕಾಲಿಗೆ ಫೆಲ್ಟ್ ತುಂಡು ಅಂಟಿಸಿ. ಅಗ್ಗದ ಕರಿ ರಬ್ಬರ್ ಬೇಡ, ಅದೇ ಕಲೆ ಬಿಡುತ್ತದೆ.

ಮೇಣ ಬಿದ್ದರೆ ಐಸ್ ಇಟ್ಟು ಗಟ್ಟಿ ಮಾಡಿ, ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಲ್ಲಿ ಎಬ್ಬಿಸಿ. ಚಾಕು ಬೇಡ.

ಹಬ್ಬ, ಮಳೆ

ಹಬ್ಬದ ದಿನ ನೆಲದ ಮೇಲೆ ಬೀಳದ ವಸ್ತುವೇ ಇಲ್ಲ. ಬಣ್ಣದ ರಂಗೋಲಿಯನ್ನು ಒದ್ದೆ ನೆಲದ ಮೇಲೆ ಹಾಕಿದರೆ ಬಣ್ಣ ಕಲ್ಲಿನೊಳಗೆ ಇಳಿಯುತ್ತದೆ. ನೆಲ ಒಣಗಿದ ಮೇಲೆ ಹಾಕಿ. ತೆಗೆಯುವಾಗಲೂ ಮೊದಲು ಒಣದಾಗಿಯೇ ಗುಡಿಸಿ, ನೀರು ಆಮೇಲೆ. ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ, ಕಾಲಡಿಗೆ ಸಿಕ್ಕಿದರೆ ಹೊಳಪು ತಿನ್ನುತ್ತದೆ. ಆಯುಧಪೂಜೆಯ ದಿನ ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಪೋರ್ಟಿಕೋದ ಕಲ್ಲಿನ ಮೇಲೆ ಒಡೆದರೆ ಕೆಂಪು ನೀರು ಸಂಜೆಯೊಳಗೆ ಒಳಗಿಳಿದಿರುತ್ತದೆ. ಗೇಟಿನ ಹೊರಗೆ ಒಡೆಯಿರಿ, ತುಂಡುಗಳನ್ನು ಬದಿಗೆ ತೆಗೆಯಿರಿ, ರಸ್ತೆಯಲ್ಲಿ ಗಾಡಿಗಳೂ ಜಾರುವುದಿಲ್ಲ. ದೀಪದ ಅಡಿಗೆ ತಟ್ಟೆ ಇಡಿ. ತೆಂಗಿನಕಾಯಿಯನ್ನು ಟೈಲ್ಸ್ ಮೇಲೆ ಒಡೆಯಬೇಡಿ, ಅದಕ್ಕೊಂದು ಕಲ್ಲು ಇಟ್ಟುಕೊಳ್ಳಿ.

ಗೃಹಪ್ರವೇಶದ ಹೋಮಕ್ಕೆ ಒಂದು ಮಾತು. ಹೊಸ ಗ್ರಾನೈಟ್, ಹೊಸ ಟೈಲ್ಸ್ ಮೇಲೆ ಹೋಮಕುಂಡವನ್ನು ನೇರವಾಗಿ ಇಟ್ಟರೆ ಒಂದೇ ಕಡೆ ಬಿಸಿಯೇರಿ ಕಲ್ಲು ಬಿರುಕು ಬಿಡಬಹುದು. ಮೊದಲು ಹಳೇ ಗೋಣಿಚೀಲ ಅಥವಾ ದಪ್ಪ ತಗಡು, ಅದರ ಮೇಲೆ ಮೂರು ನಾಲ್ಕು ಇಂಚು ಮರಳು, ಮರಳಿನ ಮೇಲೆ ಇಟ್ಟಿಗೆ, ಆಮೇಲೆ ಕುಂಡ. ಮುಗಿದ ಮೇಲೆ ಬಿಸಿ ಇರುವಾಗಲೇ ನೀರು ಸುರಿದು ತೊಳೆಯಬೇಡಿ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ನೆಲ ಬೆವರುತ್ತದೆ. ತಣ್ಣಗಿನ ನೆಲಕ್ಕೆ ತೇವದ ಗಾಳಿ ತಾಗಿ ಹನಿ ಕಟ್ಟುವುದದು. ಆಗ ಒದ್ದೆ ಬಟ್ಟೆಯಲ್ಲಿ ಒರೆಸಿ ಪ್ರಯೋಜನವಿಲ್ಲ, ಒಣಬಟ್ಟೆ ಆಡಿಸಿ ಫ್ಯಾನ್ ಹಾಕಿ. ಕೆಸರಿನ ಹೆಜ್ಜೆಯನ್ನು ಹಸಿಯಾಗಿ ಒರೆಸಿದರೆ ಮರಳು ಎಳೆದಾಡುತ್ತದೆ. ಒಣಗಲು ಬಿಟ್ಟು ಗುಡಿಸಿ. ಹೊರಗಿನ ಮೆಟ್ಟಿಲ ಪಾಚಿಗೆ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಹಾಕಿ, ಕಾಲು ಗಂಟೆ ಬಿಟ್ಟು, ಕಡ್ಡಿ ಪೊರಕೆಯಲ್ಲಿ ತಿಕ್ಕಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಜಾರದ ಚಪ್ಪಲಿ ಹಾಕಿಕೊಂಡೇ ಈ ಕೆಲಸಕ್ಕೆ ಇಳಿಯಿರಿ, ಮಕ್ಕಳನ್ನು ಒಳಗೆ ಇರಿಸಿ.

ಉಳಿದ ಟೈಲ್ಸ್ ಎಸೆಯಬೇಡಿ

ಟೈಲ್ಸ್ ಒಂದು ಒಡೆದರೆ ಅದೇ ಬಣ್ಣದ್ದು ಮತ್ತೆ ಸಿಗುವುದು ಕಷ್ಟ. ಅದೇ ಹೆಸರಿನ, ಅದೇ ಅಂಗಡಿಯ ಟೈಲ್ಸ್ ಕೂಡ ಬ್ಯಾಚ್ ಬದಲಾದರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಮನೆ ಕಟ್ಟಿಸುವಾಗ ಒಂದು ಎರಡು ಡಬ್ಬಿ ಹೆಚ್ಚು ತಂದು, ಮೆಟ್ಟಿಲ ಕೆಳಗೋ ಅಟ್ಟದಲ್ಲೋ ನಿಲ್ಲಿಸಿ ಇಡಿ. ಡಬ್ಬಿಯ ಮೇಲಿರುವ ಬ್ಯಾಚ್ ನಂಬರ್, ಶೇಡ್ ನಂಬರ್ ಫೋಟೋ ತೆಗೆದು, ಜೊತೆಗೆ ಗ್ರೌಟ್ ಪ್ಯಾಕೆಟ್ಟಿನ ಬಣ್ಣದ ನಂಬರನ್ನೂ ಮನೆ ಪತ್ರಗಳ ಫೈಲಿನಲ್ಲಿ ಸೇರಿಸಿಡಿ.